ಬಾಲಕ್ಕೊಂದು ಕೊಂಬು

ಇಲ್ಲಿ ಬರೆಯುವುದೆಲ್ಲ ನಿಜ, ನನ್ನ ಧ್ವನಿಯೊಂದನ್ನು ಬಿಟ್ಟು.

ರಜೆಗೆಂದು ನಾನೂ ಚಿಕ್ಕಮ್ಮನೂ ಇಳಿದಿದ್ದ ಪರದೇಶದ ವಸತಿಗೃಹದ ದೋಣಿ ಷೆಡ್ಡಿನ ಗೋಡೆಯ ಮೇಲೆ, ಕರೆ ಮಾಡಿದವರ ಮಾತು ಹಿಡಿದಿಡುವ ಫೋನಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು. ಚಿಕ್ಕಮ್ಮ ತೋರುಬೆರಳನ್ನು ಸೆರಗಿಗೆ ಒರೆಸಿಕೊಂಡು ದೀಪದ ಕೆಳಗಿನ ಗುಂಡಿ ಒತ್ತಿದಳು.

ಮೊದಲು ಒಂದು ಕೆಮ್ಮು. ಆಮೇಲೆ ಗಂಟಲಲ್ಲಿ ಮರಳು ಜರಡಿ ಹಿಡಿದಂಥ ಗಂಡು ಧ್ವನಿ. ಎಂಟೇ ಸೆಕೆಂಡು. ಕೊನೆಗೆ ಇನ್ನೊಂದು ಕೆಮ್ಮು.

"ಇದು ಅಪ್ಪನ ಧ್ವನೀನೇ," ಎಂದಳು ಮನೆಯ ಮಗಳು. ಏಳು ತಿಂಗಳ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಮಡಚಿದ ಬಲೆಯ ರಾಶಿಯ ಮೇಲೆ ಕೂತಿದ್ದಳು. "ಕೆಮ್ಮು ಕೂಡ ಅಪ್ಪಂದೇ. ಆದ್ರೆ ಆ ಹೊತ್ತಲ್ಲಿ ಅಪ್ಪ ಕ್ಷೌರದಂಗಡಿ ಕುರ್ಚೀಲಿ ಕೂತಿದ್ರು. ಹತ್ತು ಜನ ನೋಡಿದಾರೆ."

ಅವಳ ಇಂಗ್ಲಿಷೂ ನಮ್ಮ ಇಂಗ್ಲಿಷೂ ಅರ್ಧ ದಾರಿಯಲ್ಲಿ ಭೇಟಿಯಾಗಿ ಹೇಗೋ ಸಂಸಾರ ಮಾಡುತ್ತಿದ್ದವು. ಆ ಸಂಸಾರದ ರಂಪ ಓದುಗರಿಗೆ ಬೇಡ; ಕನ್ನಡದಲ್ಲೇ ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಹತ್ತಕ್ಕೆ ಈ ಎಂಟು ಸೆಕೆಂಡಿನ ಮಾತನ್ನು ನಂಬಿ ಈ ಮನೆಯ ಅಳಿಯ ಕಡಲ ಕಡೆಯ ಗೇಟು ತೆಗೆದಿದ್ದ. ಹತ್ತೂಕಾಲಿಗೆ ಷೆಡ್ಡಿನ ತೊಲೆಯಲ್ಲಿ ತೂಗುತ್ತಿದ್ದ ಹಳೆಯ ಹಡಗಿನ ಕಂಚಿನ ಗಂಟೆ ಮಾಯವಾಗಿತ್ತು. ಮೂರು ತಲೆಮಾರಿನಿಂದ ಮಂಜು ಕವಿದಾಗಲೆಲ್ಲ ದೋಣಿಗಳನ್ನು ದಡಕ್ಕೆ ಕರೆದ ಗಂಟೆ. ಈಗ ತೊಲೆಯಲ್ಲಿ ಬರೀ ಕೊಕ್ಕೆ.

"ಈ ಫೋನಲ್ಲಿ ಹೇಳ್ತಿರೋದೇನು?" ಚಿಕ್ಕಮ್ಮ ಕೇಳಿದಳು.

"'ಬಾತುಕೋಳಿ, ಬೋಟ್ ಬರುತ್ತೆ. ಗೇಟ್ ತೆಗಿ. ಗಂಟೆ ಬಿಚ್ಚಿ ಕೊಟ್ಟು ಕಳಿಸು, ಹೊಳಪು ಮಾಡಿಸಬೇಕು.' ಅಷ್ಟೇ."

"ಬಾತುಕೋಳಿ ಯಾರು?"

ಬಾಗಿಲ ಬಳಿ ನಿಂತಿದ್ದ ಅಳಿಯ ಮೆಲ್ಲಗೆ ಕೈ ಎತ್ತಿದ, ಹಾಜರಿ ಕೂಗಿದಾಗ ಎತ್ತುವಂತೆ. ಉದ್ದ ಕತ್ತಿನ, ಪಾದ ಹೊರಕ್ಕೆ ಚೆಲ್ಲಿ ನಡೆಯುವ ಸೌಮ್ಯ ಮನುಷ್ಯ. ಹೆಸರು ಯಾಕೆ ಬಂತೆಂದು ಯಾರೂ ವಿವರಿಸಬೇಕಾಗಿರಲಿಲ್ಲ.

"ಅಪ್ಪ ಇವರನ್ನ ಹಾಗೆ ಕರೆಯೋದು ಮನೆಯೊಳಗೆ ಮಾತ್ರ," ಎಂದಳು ಮಗಳು. "ಹೊರಗಿನೋರ ಮುಂದೆ ಒಂದು ದಿನವೂ ಕರೆದಿಲ್ಲ. ಈಗ ಅದನ್ನೇ ಹಿಡಿದು ಕೂತಿದಾರೆ. 'ಈ ಹೆಸರು ಗೊತ್ತಿರೋದು ಮೂರೇ ಜನಕ್ಕೆ. ನಾನು ಯಾರಿಗೂ ಹೇಳಿಲ್ಲ, ನೀನೂ ಹೇಳಿಲ್ಲ. ಅಂದ್ರೆ ನಿನ್ನ ಗಂಡನೇ ಯಾರನ್ನೋ ಕಟ್ಟಿಕೊಂಡು ನಾಟಕ ಆಡಿಸಿದಾನೆ' ಅಂತಾರೆ."

"ಈಗ ಏನು ಮಾಡು ಅಂತಾರೆ?"

"ಮೂರು ಗಂಟೆ ಬಸ್ಸಿಗೆ ಇವರು ಊರು ಬಿಡಬೇಕಂತೆ. ನಾನು ಹೋಗೋ ಹಾಗಿಲ್ಲ. ಮಗು ಈ ಮನೇಲೇ ಹುಟ್ಟಬೇಕಂತೆ." ಅವಳು ಗಂಡನ ಕಡೆ ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದಳು.

ಗೋಡೆಯ ಮೀನಿನಾಕಾರದ ಗಡಿಯಾರದಲ್ಲಿ ಸರಿಯಾಗಿ ಹನ್ನೆರಡು. ಮನೆಯಲ್ಲಿದ್ದ ಒಂದು ಗಂಟೆ ಹೋಗಿತ್ತು. ಉಳಿದದ್ದು ಮೂರು ಗಂಟೆ ಮಾತ್ರ.

"ಲೋ, ಇನ್ನೊಂದ್ಸಲ ಹಾಕು," ಎಂದಳು ಚಿಕ್ಕಮ್ಮ, ಕಣ್ಣು ಮುಚ್ಚಿಕೊಂಡು.

ಮೂವತ್ತೊಂದು ವರ್ಷ ರೈಲ್ವೆ ನಿಲ್ದಾಣದ ಮೈಕಿನ ಮುಂದೆ ಕೂತು 'ಪ್ರಯಾಣಿಕರ ಗಮನಕ್ಕೆ' ಎಂದವಳು ನನ್ನ ಚಿಕ್ಕಮ್ಮ. ಪ್ರಯಾಣಿಕರು ಗಮನ ಕೊಟ್ಟರೋ ಇಲ್ಲವೋ, ಇವಳು ಮಾತ್ರ ಜಗತ್ತಿನ ಪ್ರತಿಯೊಂದು ಸದ್ದಿಗೂ ಗಮನ ಕೊಡುತ್ತಾಳೆ. ಪಕ್ಕದ ಮನೆಯ ಕುಕ್ಕರಿನ ಸೀಟಿ ಕೇಳಿ ಒಳಗಿರುವುದು ಬೇಳೆಯೋ ಅಕ್ಕಿಯೋ ಎಂದು ಹೇಳಬಲ್ಲವಳು.

ಎಂಟು ಸೆಕೆಂಡು ಮತ್ತೆ ಮುಗಿಯಿತು.

"ಈ ಊರೋರು ಬೋಟಿಗೆ ಏನಂತಾರೆ?" ಅವಳು ಕನ್ನಡಕ್ಕೆ ಇಳಿದಿದ್ದಳು.

"ಬೋಟ್ ಅಂತಾನೇ."

"ಗೇಟಿಗೆ?"

"ಗೇಟ್."

"ಹ್ಞೂಂ. ಟಕಾರಕ್ಕೆ ಕತ್ತರಿ ಹಾಕಿ ಬಿಸಾಕ್ತಾರೆ. ಒಂಬತ್ತು ದಿನದಿಂದ ಕೇಳ್ತಿದೀನಿ. ಈ ಫೋನಿನೋನು ಏನಂದ? ಬೋಟು ಅಂದ. ಗೇಟು ಅಂದ. ಬಾಲಕ್ಕೆ ಕೊಂಬು ಕೇಳಿಸ್ತಾ?"

ಕೇಳಿಸಿತು. ಬಸ್ಸು, ಕಾರು, ಲೈಟು, ಟಿಕೆಟ್ಟು. ದಾರಿಯಲ್ಲಿ ಸಿಕ್ಕ ಪದದ ಬಾಲಕ್ಕೊಂದು ಕೊಂಬು ಕಟ್ಟಿ, ನಮ್ಮ ದನವೇ ಎಂದು ಕೊಟ್ಟಿಗೆಗೆ ಹೊಡೆದುಕೊಳ್ಳುವುದು ನಮ್ಮ ಬಾಯಿಯ ಚಾಳಿ. ತರಗತಿಯಲ್ಲಿ ಕೊಂಬಿನ ಪಾಠ ಮಾಡುವವನು ನಾನೇ. ಆ ಕೊಂಬು ಈಗ ನೇರ ಬಂದು ನನ್ನ ಹೊಟ್ಟೆಗೆ ತಿವಿಯಿತು.

"ಚಿಕ್ಕಮ್ಮ," ಎಂದೆ. "ಅದು ಇವಳಪ್ಪನ ಧ್ವನಿ ಅಲ್ಲ. ನನ್ನದು."

"ಮೊದಲನೇ ಕೆಮ್ಮಿಗೇ ಗೊತ್ತಾಯ್ತು. ನಿನ್ನ ಬಾಯಿಂದ ಬರ್ಲಿ ಅಂತ ಕಾದೆ."

ಕನ್ನಡ ಬಾರದ ಗಂಡಹೆಂಡತಿ ನಮ್ಮಿಬ್ಬರ ಮುಖವನ್ನು ಸರದಿಯಂತೆ ನೋಡುತ್ತಿದ್ದರು. ಅವರು ಹುಡುಕುತ್ತಿದ್ದ ಕಳ್ಳ ಎರಡಡಿ ದೂರದಲ್ಲಿ ನಿಂತು ಬೆವರುತ್ತಿದ್ದ.

"ಹೇಗಾಯ್ತು, ಬೊಗಳು," ಎಂದಳು ಚಿಕ್ಕಮ್ಮ.

*

ಬೊಗಳಿದೆ.

ವರ್ಷದ ಕೊನೆಯ ರಜೆ. ಊರಿಡೀ ಒದ್ದೆ ಟವೆಲ್ಲು, ಐಸ್‌ಕ್ರೀಮಿನ ಸಾಲು, ಮರಳು ಮೆತ್ತಿದ ಚಪ್ಪಲಿಗಳ ರಾಶಿ. ಬಂದ ಎರಡನೇ ದಿನ ಬೀಚಿನಲ್ಲಿ ನನ್ನ ಕೈಯಿಂದ ಬನ್ನು ಕಿತ್ತುಕೊಂಡು ಹಾರಿದ ಹಕ್ಕಿಗೆ, "ನಿನ್ ಮನೆ ಹಾಳಾಗ," ಎಂದೆ. ಪಕ್ಕದ ದೊಡ್ಡ ಹಳದಿ ಛತ್ರಿಯ ಕೆಳಗಿಂದ ಹೆಂಗಸಿನ ನಗು ಬಂತು.

"ಅದಕ್ಕೆ ಮನೆ ಇದ್ರೆ ತಾನೇ ಹಾಳಾಗೋದು?"

ಪರದೇಶದ ಮರಳಿನಲ್ಲಿ ಕನ್ನಡ ಕೇಳಿ ನನಗೆ ಮರುಳು ಹಿಡಿಯಿತು. ಅವಳ ಜೊತೆಗಿದ್ದವರು ಒಬ್ಬ ಹಲ್ಲಿನ ಡಾಕ್ಟರು; ಅಣ್ಣತಂಗಿ ಎಂದು ಪರಿಚಯ ಹೇಳಿಕೊಂಡರು. ಇಬ್ಬರೂ ನಮ್ಮದೇ ವಸತಿಗೃಹದ ಮೇಲಿನ ಕೋಣೆಗಳಲ್ಲಿದ್ದರು. ಬಿಸಿಲೆಂದರೆ ಆಗದ ಅವಳಿಗೆ ನಾನು ಛತ್ರಿ ಎಂದು ಅಡ್ಡಹೆಸರಿಟ್ಟೆ. ಆ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ ಎಂಬುದು ಹೊಳೆಯಲೇ ಇಲ್ಲ. ಜೀವಮಾನದಲ್ಲಿ ನನ್ನ ಕೈತಪ್ಪಿದ ಶ್ಲೇಷೆ ಅದೊಂದೇ.

ಹದಿನಾರು ವರ್ಷದಿಂದ ಕಾಲೇಜಿನಲ್ಲಿ ಮಾತಿನ ಪಟಾಕಿ ಹಚ್ಚುತ್ತಿದ್ದೇನೆ. ಹಿಂದಿನ ಬೆಂಚಿನಿಂದ ವಾಪಸು ಬಂದದ್ದು ಆಕಳಿಕೆ ಮಾತ್ರ. ಇವರಿಬ್ಬರು ನಕ್ಕರು. ಪ್ರಿನ್ಸಿಪಾಲರ ಧ್ವನಿ ಮಾಡಿದರೂ, ಕೆಟ್ಟ ಪಂಪ್‌ಸೆಟ್ಟಿನ ಧ್ವನಿ ಮಾಡಿದರೂ, ಎರಡೂ ಒಂದೇ ಎಂದು ತೋರಿಸಿದರೂ ನಕ್ಕರು. ಡಾಕ್ಟರಂತೂ ಮೂವತ್ತೆರಡೂ ಹಲ್ಲು ಕಾಣುವಂತೆ ನಗುತ್ತಿದ್ದರು, ಅಂಗಡಿಯ ಬೋರ್ಡು ಬಿಚ್ಚಿದಂತೆ. ನಾನು ಉಬ್ಬಿಹೋದೆ.

ಮೊನ್ನೆ ಶನಿವಾರ ಸಂಜೆ ಚಿಕ್ಕಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೋಣೆಯಲ್ಲೇ ಇದ್ದಳು. ಅಂಗಳದಲ್ಲಿ ನಾವು ಮೂವರು. ಮನೆಯ ಯಜಮಾನರು, ನಾವೆಲ್ಲ ತಾತ ಎನ್ನುತ್ತಿದ್ದವರು, ಚಹಾದ ತಟ್ಟೆ ತಂದಿಟ್ಟರು. ಅವರ ಮೂಗಿನ ಕೆಳಗೆ ತುಟಿ ಪೂರಾ ಮುಚ್ಚುವಷ್ಟು ದಟ್ಟ ಬಿಳಿ ಮೀಸೆ. ತಮ್ಮ ಭಾಷೆ ಬಿಟ್ಟರೆ ತಾತನಿಗೆ ಬೇರೇನೂ ಬರುವುದಿಲ್ಲ ಎಂದು ಮಗಳು ಮೊದಲ ದಿನವೇ ಹೇಳಿದ್ದಳು. ಹಾಗಾಗಿ ನಮಗೆ ಅವರೆದುರು ಮಾತಿಗೆ ಸಂಕೋಚವಿರಲಿಲ್ಲ.

"ಅದು ಮೀಸೆ ಅಲ್ಲ," ಎಂದೆ ನಾನು. "ಮೀಸಲು ಅರಣ್ಯ."

ಛತ್ರಿ ಚಹಾ ಚೆಲ್ಲಿಕೊಂಡಳು. ತಾತ ಕೆಮ್ಮುತ್ತ ಒಳಗೆ ಹೋದರು.

ಆಮೇಲೆ ಅವಳು ಒಂದು ಚೀಟಿ ತೆಗೆದಳು. ಈ ಊರಿನ ಭಾಷೆಯ ಒಂದು ಮಾತನ್ನು ಯಾರೋ ಕನ್ನಡ ಅಕ್ಷರದಲ್ಲಿ ಬರೆದಿದ್ದರು. "ತಾತನ ಧ್ವನೀಲಿ ಇದನ್ನ ಹೇಳಿ ಮೇಷ್ಟ್ರೇ. 'ಬೋಟಿನೋರೇ, ಗೇಟು ದಾಟಿ ಬನ್ನಿ, ಚಹಾ ಆರ್ತಿದೆ' ಅಂತ ಅರ್ಥ. ನಮ್ಮಮ್ಮ ಮಲಗಿದಲ್ಲೇ ಇದಾರೆ. ಕಳಿಸಿದ್ರೆ ಪಾಪ, ನಗ್ತಾರೆ."

ಹಾಸಿಗೆ ಹಿಡಿದ ತಾಯಿ. ನಾನು ಬಚ್ಚಲಿಗೆ ಹೋಗಿ ಮೂರು ಸಲ ಅಭ್ಯಾಸ ಮಾಡಿ ಬಂದೆ. ಚೀಟಿಯಲ್ಲಿದ್ದುದನ್ನು ಇದ್ದ ಹಾಗೆಯೇ, ಎರಡು ಕೆಮ್ಮಿನ ಸಮೇತ ಹೇಳಿದೆ. ಅವಳ ಫೋನು ಚಹಾ ಲೋಟಕ್ಕೆ ಒರಗಿತ್ತು.

ಕೈಕುಲುಕಿದ್ದರು ಇಬ್ಬರೂ. ಕೈಕುಲುಕಿದವರೇ ಕೈಕೊಟ್ಟಿದ್ದರು.

*

"ಆ ಚೀಟಿ ಎಲ್ಲಿ?" ಎಂದಳು ಚಿಕ್ಕಮ್ಮ.

"ಅಂಗಿ ಜೇಬಲ್ಲಿತ್ತು."

"ಯಾವ ಅಂಗಿ? ನಿನ್ನೆ ಜೇಬಿನ ಮೇಲೆ ನೀಲಿ ಕಲೆ ಮಾಡ್ಕೊಂಡಿದೀಯ ಅಂತ ಬೈದ್ನಲ್ಲ, ಅದಾ?"

ವಸತಿಗೃಹದ ಹಿಂದಿನ ತಂತಿಯ ಮೇಲೆ ಅಂಗಿ ಆಡುತ್ತಿತ್ತು. ಎದೆಯ ಮೇಲೆ ಅಂಗೈಯಗಲದ ನೀಲಿ. ಒಗೆದರೂ ಹೋಗಿರಲಿಲ್ಲ. ನನ್ನ ಕಲೆ ನನ್ನ ಜೇಬಿನ ಮೇಲೇ ಕಲೆಯಾಗಿ ಕೂತಿತ್ತು.

ಚಿಕ್ಕಮ್ಮ ಎರಡು ಬೆರಳಿಂದ ಜೇಬಿನೊಳಗಿನ ಮುದ್ದೆಯನ್ನು ಎತ್ತಿ, ಹಪ್ಪಳ ಬಿಡಿಸುವಷ್ಟು ಹುಷಾರಾಗಿ ಬಿಡಿಸಿದಳು. ಹೊರಮಡಿಕೆಯ ಅಕ್ಷರವೆಲ್ಲ ನೀರಾಗಿತ್ತು. ಒಳಮಡಿಕೆಯಲ್ಲಿ ಎರಡು ಪದ ಉಳಿದಿದ್ದವು. ಬೋಟು. ಗೇಟು. ದುಂಡಗೆ ಕೊರೆದಂಥ ಅಕ್ಷರ. ಕೊಂಬುಗಳನ್ನಂತೂ ಮುದ್ದಾಗಿ ಬಳಸಿ ತಿರುವಿದ್ದರು.

"ಇಂಕು ಪೆನ್ನು," ಎಂದಳು ಚಿಕ್ಕಮ್ಮ. "ಬಾಲ್‌ಪೆನ್ ಆಗಿದ್ರೆ ಹಿಂಗೆ ಹರಡ್ತಿರಲಿಲ್ಲ. ಈ ಕಾಲದಲ್ಲಿ ಇಂಕು ಪೆನ್ನಲ್ಲಿ ಬರೆಯೋರು ಯಾರಪ್ಪ?"

"ನಾನು ಹೋಗಿ ತಾತನ ಮುಂದೆ ಎಲ್ಲ ಒಪ್ಪಿಕೊಂಡುಬಿಡ್ತೀನಿ."

"ಒಪ್ಕೊಳ್ಳೋದು ಓಡಿ ಹೋಗಲ್ಲ. ಓಡಿ ಹೋಗೋರು ಅಲ್ಲಿದಾರೆ ನೋಡು."

ಕಡಲಂಚಿನಲ್ಲಿ ಹಳದಿ ಛತ್ರಿ ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು.

*

ಅವಳ ಪೆಟ್ಟಿಗೆ ಮರಳಿನ ಮೇಲೆ ನಿಂತಿತ್ತು. ಪಕ್ಕದ ಕುರ್ಚಿ ಡಾಕ್ಟರದು, ಖಾಲಿ. ಚಿಕ್ಕಮ್ಮ ಹೇಳದೆ ಕೇಳದೆ ಅದರಲ್ಲಿ ಕೂತಳು.

"ಅಯ್ಯೋ, ಬನ್ನಿ ಆಂಟಿ. ಮಂಡಿ ಹೇಗಿದೆ?"

"ಮಂಡಿ ಇದ್ದಲ್ಲೇ ಇದೆ. ಡಾಕ್ಟರೆಲ್ಲಿ?"

"ನಿನ್ನೆ ಬೆಳಿಗ್ಗೆನೇ ಹೊರಟ್ರಲ್ಲ. ಯಾವುದೋ ಅರ್ಜೆಂಟ್ ಹಲ್ಲಂತೆ."

"ಹಲ್ಲು ಕೀಳೋಕೆ ಹೋದೋರು ಹೋಗ್ತಾ ಗಂಟೆ ಕಿತ್ಕೊಂಡು ಹೋದ್ರಾ?" ಎಂದೆ.

ಅವಳು ಛತ್ರಿಯ ಪಟ್ಟಿ ಬಿಗಿಯುತ್ತಿದ್ದವಳು ನಿಲ್ಲಿಸಲಿಲ್ಲ. "ಏನು ಮೇಷ್ಟ್ರೇ, ಇದು ಹೊಸ ಜೋಕಾ?"

"ಬೋಟಲ್ಲಿ ಬಂದೋನು ದೊಡ್ಡ ಟೋಪಿ ಹಾಕಿದ್ದ, ಬಾಯಿಗೆ ಹಸಿರು ಮಾಸ್ಕು ಕಟ್ಟಿದ್ದ ಅಂತ ಅಳಿಯ ಹೇಳಿದಾನೆ. ಹಲ್ಲಿನ ಡಾಕ್ಟರು ಕಟ್ಟೋ ಮಾಸ್ಕು. ಟೋಪಿ ಹಾಕ್ಕೊಂಡು ಬಂದು ನಮಗೆಲ್ಲ ಟೋಪಿ ಹಾಕಿ ಹೋದ್ರು."

ಈ ಸಲ ಅವಳು ನಗಲಿಲ್ಲ. ಪರಿಚಯವಾದ ಮೇಲೆ ಮೊದಲ ಸಲ. ಅದನ್ನು ಗಮನಿಸಿದಾಗಲೇ ನನಗೆ ಎಲ್ಲ ಅರ್ಥವಾಗಿಹೋಯಿತು.

"ಫೋನಲ್ಲಿರೋ ಧ್ವನಿ ನಿಮ್ದು," ಎಂದಳು, ಸಮಾಧಾನವಾಗಿ. "ಕೆಮ್ಮೂ ನಿಮ್ದೇ. ನನ್ನ ಫೋನಲ್ಲಿ ಈಗ ಏನೂ ಇಲ್ಲ, ಬೇಕಾದ್ರೆ ನೋಡಿ. ಯಾರಿಗೆ ಬೇಕಾದ್ರೂ ಹೇಳಿ. ಕೇಳಿದೋರು ಹಿಡಿಯೋದು ಯಾರನ್ನ?"

"ನಿಮ್ಮಮ್ಮ ಹಾಸಿಗೆ ಹಿಡಿದಿರೋದು?"

"ನಮ್ಮಮ್ಮ ದಿನಾ ಮೂರು ಮೈಲಿ ವಾಕಿಂಗ್ ಮಾಡ್ತಾರೆ."

ಅಲೆ ಬಂದು ಅವಳ ಪೆಟ್ಟಿಗೆಯ ಚಕ್ರ ನೆನೆಸಿ ಹೋಯಿತು. ನಾನು ಕೇಳಬೇಕಾದದ್ದು ಗಂಟೆಯ ಬಗ್ಗೆ, ಬಸ್ಸಿನ ಬಗ್ಗೆ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತವಳ ಬಗ್ಗೆ. ಕೇಳಿದ್ದು ಬೇರೆ.

"ನೀವು ನಗ್ತಿದ್ರಲ್ಲ. ದಿನಾ. ಅದೂ ಸುಳ್ಳಾ?"

"ನಗದೇ ಇದ್ರೆ ನೀವು ಮಾತು ನಿಲ್ಲಿಸ್ತಿದ್ರಿ." ಪಟ್ಟಿಯ ಗಂಟು ಎಳೆದಳು. "ಡಾಕ್ಟರು ಅಂದಿದ್ರು, ಈ ಮನುಷ್ಯನಿಗೆ ಆಗಾಗ ಒಂದೊಂದು ನಗು ಹಾಕ್ತಿರು, ಗಿಳಿಗೆ ಕಾಳು ಹಾಕಿದ ಹಾಗೆ. ಹೇಳಿದ್ದೆಲ್ಲ ಹೇಳುತ್ತೆ ಅಂತ."

ಮಿಮಿಕ್ರಿ ಮಾಡುವವನಿಗೆ ಯಾರೋ ಗಿಳಿ ಎಂದರೆ ಸಿಟ್ಟು ಬರಬೇಕು. ನನಗೆ 'ಆಗಾಗ' ಎಂಬ ಮಾತು ಚುಚ್ಚಿತು. ನಾನು ಪ್ರತಿ ಮಾತಿಗೂ ನಕ್ಕರೆಂದುಕೊಂಡಿದ್ದೆ.

"ಒಂದಕ್ಕಾದ್ರೂ ನಿಜವಾಗಿ ನಗು ಬಂದಿತ್ತಾ?"

ಅವಳು ಮೊದಲ ಬಾರಿಗೆ ನನ್ನ ಮುಖ ನೋಡಿದಳು. "ಮೀಸಲು ಅರಣ್ಯಕ್ಕೆ ಬಂತು. ಅದಕ್ಕೆ ಮಾತ್ರ ಸುಳ್ಳು ಹೇಳಲ್ಲ."

ಗಾಯಕ್ಕೆ ಉಪ್ಪು ಹಾಕಲು ಅವಳಿಗೆ ಒಂದು ಇಡೀ ಕಡಲು ಪಕ್ಕದಲ್ಲೇ ಇತ್ತು.

ಚಿಕ್ಕಮ್ಮ ಒಣಗಿದ ಚೀಟಿಯನ್ನು ಅಂಗೈ ಮೇಲಿಟ್ಟು ಚಾಚಿದಳು. "ಈ ಅಕ್ಷರ ನಿಂದೇನಮ್ಮಾ?"

"ನಂಗೆ ಕನ್ನಡ ಬರೆಯೋಕೆ ಬರಲ್ಲ ಆಂಟಿ. ಓದೋದೂ ಅಷ್ಟಕ್ಕಷ್ಟೇ. ಅಮ್ಮನ ಹುಟ್ಟಿದ ದಿನಕ್ಕೆ ಎರಡು ಸಾಲು ಮೇಷ್ಟ್ರ ಹತ್ರಾನೇ ಬರೆಸ್ಕೊಂಡೆ."

ಅದು ನಿಜ. ಬರೆದುಕೊಟ್ಟಿದ್ದೆ, ಅದರಲ್ಲೂ ಒಂದು ಶ್ಲೇಷೆ ಇಟ್ಟು.

"ಡಾಕ್ಟರ ಅಕ್ಷರಾನಾ?"

"ಡಾಕ್ಟರ ಅಕ್ಷರ ಅವರಿಗೇ ಓದೋಕಾಗಲ್ಲ. ಅವರು ಎಲ್ಲಿಂದಲೋ ತಂದ್ಕೊಟ್ರು, ಅರ್ಥಾನೂ ಅವರೇ ಹೇಳಿದ್ರು. ಯಾರು ಬರೆದಿದ್ದು ಅಂತ ನಾನು ಕೇಳಿಲ್ಲ. ಹಳೇ ಹಡಗಿನ ಸಾಮಾನು ಕೂಡಿಡೋ ಯಾರಿಗೋ ಗಂಟೆ ಬೇಕಂತೆ. ನಂಗೆ ಗೊತ್ತಿರೋದು ಅಷ್ಟು."

"ನಿಮ್ಮಿಬ್ಬರಿಗೂ ಈ ಊರ ಭಾಷೆ ಬರುತ್ತಾ?"

"ಥ್ಯಾಂಕ್ಸ್ ಹೇಳೋಕೂ ಬರಲ್ಲ."

"ಸರಿ. ಬಸ್ಸು ಮೂರಕ್ಕೆ ತಾನೇ? ವಸತಿಗೃಹದ ಮುಂದೇನೇ ನಿಲ್ಲುತ್ತೆ. ಬಾ, ಒಟ್ಟಿಗೇ ಹೋಗೋಣ." ಚಿಕ್ಕಮ್ಮ ಅವಳ ಪೆಟ್ಟಿಗೆಯ ಹಿಡಿಕೆ ತಾನೇ ಹಿಡಿದುಕೊಂಡಳು. ಮೂವತ್ತೊಂದು ವರ್ಷ ರೈಲು ನಿಲ್ಲಿಸಿಕೊಂಡವಳ ಕೈ. ಬಿಡಿಸಿಕೊಳ್ಳಲು ಯಾರಿಂದ ಆದೀತು?

ಮರಳಿನಲ್ಲಿ ಮರಳುವಾಗ ಛತ್ರಿ ನಾಲ್ಕು ಹೆಜ್ಜೆ ಹಿಂದಿದ್ದಳು. ಚಿಕ್ಕಮ್ಮ ದನಿ ತಗ್ಗಿಸಿದಳು.

"ಈ ಚೀಟಿ ಬರೆದೋರಿಗೆ ಈ ಊರ ಭಾಷೆ ಚೆನ್ನಾಗಿ ಗೊತ್ತಿರಬೇಕು. ಬಾತುಕೋಳಿ ಹೆಸರೂ ಗೊತ್ತಿರಬೇಕು. ಆಮೇಲೆ ನಮ್ಮ ಕೊಂಬೂ ಗೊತ್ತಿರಬೇಕು. ನೀನು ಕೇಳಿದ್ದನ್ನ, ಓದಿದ್ದನ್ನ ಹಾಗೇ ಒಪ್ಪಿಸೋ ಗಿರಾಕಿ. ಕೊಂಬು ನಿಂದಲ್ಲ, ಅವರದ್ದು."

"ಅಂಥೋರು ಈ ಮನೇಲಿ ಯಾರೂ ಇಲ್ವಲ್ಲ."

"ಇಲ್ಲ ಅಂತ ನಿಂಗೆ ಹೇಳಿದ್ಯಾರು?" ಎಂದಳು. ಇನ್ನೂ ನಾಲ್ಕು ಹೆಜ್ಜೆ ನಡೆದ ಮೇಲೆ, "ನೀನು ಮೀಸೆ ಜೋಕ್ ಹೇಳಿದ್ದು ಯಾವಾಗ?"

"ಶನಿವಾರ ಸಂಜೆ."

"ತಾತ ಮೀಸೆ ತೆಗೆಸಿದ್ದು?"

"ಭಾನುವಾರ ಬೆಳಿಗ್ಗೆ."

ಚಿಕ್ಕಮ್ಮ ಪೆಟ್ಟಿಗೆ ಎಳೆದುಕೊಂಡು ಮುಂದೆ ನಡೆದಳು. ಅದರ ಒದ್ದೆ ಚಕ್ರ ಕಿರ್ ಕಿರ್ ಎನ್ನುತ್ತಿತ್ತು.

*

ವಸತಿಗೃಹದ ಮುಂದಿನ ಹಜಾರಕ್ಕೆ ಬಂದಾಗ ಎರಡೂವರೆ. ಅಳಿಯನ ಒಂದೇ ಒಂದು ಚೀಲ ಬಾಗಿಲ ಬಳಿ ನಿಂತಿತ್ತು, ಮೇಲೊಂದು ಮಡಚಿದ ಕಂಬಳಿ. ಚೀಲದ ಕಿವಿಯನ್ನು ಹೆಂಡತಿ ಹಿಡಿದುಕೊಂಡಿದ್ದಳು.

ತಾತ ಮೇಜಿನ ಹಿಂದೆ ಕೂತು ಅತಿಥಿಗಳ ದಫ್ತರದಲ್ಲಿ ಏನೋ ಬರೆಯುತ್ತಿದ್ದರು. ಮೀಸೆಯಿಲ್ಲದ ಮೇಲ್ದುಟಿ ಬೋಳಾಗಿ, ಎಳೆ ಮಗುವಿನದರಂತೆ ಬೆಳ್ಳಗಿತ್ತು. ಚಿಕ್ಕಮ್ಮ ಅವರ ಮುಖ ನೋಡಲಿಲ್ಲ. ಪೆನ್ನಿನ ಮುಚ್ಚಳ ನೋಡಿದಳು, ತೋರುಬೆರಳ ತುದಿಯ ನೀಲಿ ನೋಡಿದಳು, ಆಮೇಲೆ ನನ್ನ ಬೆನ್ನಿಗೆ ತಿವಿದಳು.

ನಾನು ಇಂಗ್ಲಿಷಿನಲ್ಲಿ ಎಲ್ಲ ಹೇಳಿಬಿಟ್ಟೆ. ಧ್ವನಿ ನನ್ನದು. ಅರ್ಥ ಗೊತ್ತಿರಲಿಲ್ಲ. ತಮಾಷೆ ಎಂದುಕೊಂಡೆ. ನಿಮ್ಮ ಅಳಿಯ ನಿರಪರಾಧಿ. ಮಗಳು ಒಂದೊಂದೇ ವಾಕ್ಯವನ್ನು ತಮ್ಮ ಭಾಷೆಗೆ ದಾಟಿಸುತ್ತ ಹೋದಳು. ಹೋಗುತ್ತ ಹೋಗುತ್ತ ಅವಳ ಧ್ವನಿಗೆ ಜೀವ ಬಂತು.

ಅವಳು ಮುಗಿಸುವವರೆಗೆ ತಾತ ಕಾದರು. ಆಮೇಲೆ ಮೇಜು ಗುದ್ದಿ, ಎರಡು ಸಲ ಕೆಮ್ಮಿ, ನಾಲ್ಕು ಮಾತು ಆಡಿದರು. ಮಗಳ ಮುಖ ಮತ್ತೆ ಬಾಡಿತು.

"ನೀವೂ ಇವರ ಜೊತೆ ಸೇರಿದೀರ ಅಂತಾರೆ. ಬಾತುಕೋಳಿ ಅನ್ನೋ ಹೆಸರು ನಿಮಗೆ ಇವರಲ್ಲದೆ ಇನ್ಯಾರು ಹೇಳ್ತಾರೆ ಅಂತ ಕೇಳ್ತಿದಾರೆ. ಬಸ್ಸಿಗೆ ಹೊತ್ತಾಯ್ತಂತೆ."

ಅಳಿಯ ಕಂಬಳಿ ಎತ್ತಿ ಹೆಗಲಿಗೆ ಹಾಕಿಕೊಂಡ. ನಾನು ತಪ್ಪೊಪ್ಪಿಕೊಂಡು ಅವನ ಕುತ್ತಿಗೆಗೆ ಇನ್ನೊಂದು ಸುತ್ತು ಹಗ್ಗ ಬಿಗಿದಿದ್ದೆ.

"ನಾನು ಕೆಟ್ಟೆ ಚಿಕ್ಕಮ್ಮ," ಎಂದೆ.

"ಕೆಡು, ಆಮೇಲೆ. ಮೊದಲು ಇವರ ಧ್ವನಿ ಮಾಡಿ ತೋರಿಸು. ನೀನು ಮಾಡಬಲ್ಲೆ ಅಂತಾದ್ರೂ ಇವರು ನೋಡ್ಲಿ."

"ಏನು ಹೇಳ್ಲಿ? ಅದೇ ಚೀಟೀದಾ?"

"ಅದು ಬೇಡ. ಕನ್ನಡದಲ್ಲೇ ಹೇಳು. ಮೀಸೆ ಕತೆ ಮುಂದುವರಿಸು. ಇಲ್ಲಿ ಯಾರಿಗೆ ಅರ್ಥವಾಗುತ್ತೆ?"

ಕೊನೆಯ ಮಾತನ್ನು ಅವಳು ತುಸು ಜೋರಾಗಿಯೇ ಹೇಳಿದಳು. ಹೇಳಿ, ನನ್ನ ಕಡೆ ಬೆನ್ನು ತಿರುಗಿಸಿ ತಾತನ ಎದುರು ನಿಂತಳು, ಸಿಗ್ನಲ್ ನೋಡುವವಳಂತೆ.

ನಾನು ಗಂಟಲಿಗೆ ಮರಳು ತುಂಬಿಕೊಂಡೆ. ಒಂದು ಕೆಮ್ಮು. ಆಮೇಲೆ ತಾತನ ಧ್ವನಿಯಲ್ಲಿ, ಅರಣ್ಯ ಇಲಾಖೆಗೆ ಅರ್ಜಿ ಹಿಡಿದು ಹೋದವನ ಠೀವಿಯಲ್ಲಿ ಶುರು ಮಾಡಿದೆ.

"ಮಾನ್ಯ ಸಾಹೇಬರೇ, ನನ್ನ ಮೂಗಿನ ಕೆಳಗೆ ಇದ್ದದ್ದು ಮೀಸಲು ಅರಣ್ಯ. ನೋಟೀಸೂ ಕೊಡದೆ ಬೋಳಿಸಿಬಿಟ್ಟರು. ಈಗ ಮೂಗಿಗೆ ನೆರಳಿಲ್ಲ, ಬಾಯಿಗೆ ಬೇಲಿಯಿಲ್ಲ. ಒಳಗಿದ್ದ ಎರಡು ಹುಲಿಗಳು ದಿಕ್ಕಿಲ್ಲದೆ ಗಂಟಲಿಗೆ ಇಳಿದಿವೆ. ನಾನು ಕೆಮ್ಮುತ್ತಿಲ್ಲ ಸಾಹೇಬರೇ. ಅವು ಗರ್ಜಿಸುತ್ತಿವೆ."

ಇನ್ನೊಂದು ಕೆಮ್ಮು.

ಮಗಳು ಸುಮ್ಮನೆ ನೋಡುತ್ತಿದ್ದಳು. ಅಳಿಯ ಕಂಬಳಿ ಹೊತ್ತುಕೊಂಡೇ ನಿಂತಿದ್ದ. ಅವರಿಗೆ ಅದು ಬರೀ ಅಪ್ಪನ ಧ್ವನಿಯಲ್ಲಿ ಹೊರಟ ಸದ್ದು. ಛತ್ರಿ ಬಾಯಿಗೆ ಕೈ ಅಡ್ಡ ಹಿಡಿದಳು.

ತಾತನ ಬೋಳು ಮೇಲ್ದುಟಿ ಒಮ್ಮೆ ಅದುರಿತು. ಅವರು ಹಲ್ಲು ಕಚ್ಚಿದರು. ಕೆನ್ನೆ ಉಬ್ಬಿತು, ಕಣ್ಣಂಚಿನಲ್ಲಿ ನೀರು ಬಂತು. ಶನಿವಾರ ಸಂಜೆ ಇದನ್ನೆಲ್ಲ ಮುಚ್ಚಿಟ್ಟಿದ್ದ ಅರಣ್ಯ ಈಗ ಇರಲಿಲ್ಲ. ಮೂಗಿನಿಂದ ಒಂದು ಗೊರಕೆ ನುಗ್ಗಿತು, ಹಿಂದೆಯೇ ನಗು. ಮೇಜು ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ದಫ್ತರದ ಮೇಲೆ ಇಂಕು ಚೆಲ್ಲಿಕೊಂಡು ತಾತ ನಕ್ಕರು. ಛತ್ರಿಯ ಕಿಸಕ್ಕನೆಯ ನಗು ಅದರಲ್ಲಿ ಮುಳುಗಿಹೋಯಿತು.

ಹದಿನಾರು ವರ್ಷದಲ್ಲಿ ನನ್ನ ಮಾತಿಗೆ ಯಾರೂ ಅಷ್ಟು ನಿಜವಾಗಿ ನಕ್ಕಿರಲಿಲ್ಲ.

ಮಗಳ ಕೈಯಿಂದ ಚೀಲದ ಕಿವಿ ಜಾರಿತು. ಅವಳು ಅಪ್ಪನನ್ನು ತಮ್ಮ ಭಾಷೆಯಲ್ಲಿ ಏನೋ ಕೇಳಿದಳು, ಬಹಳ ಮೆಲ್ಲಗೆ. ಅದನ್ನು ಯಾರೂ ನಮಗೆ ದಾಟಿಸಬೇಕಾಗಿರಲಿಲ್ಲ. ಅಪ್ಪಾ, ಇವರ ಭಾಷೆ ನನಗೇ ಅರ್ಥವಾಗಿಲ್ಲ. ನಿನಗೆ ಹೇಗೆ ಗೊತ್ತಾಯ್ತು?

"ಯಜಮಾನ್ರೇ," ಎಂದಳು ಚಿಕ್ಕಮ್ಮ, ಪ್ಲಾಟ್‌ಫಾರಂ ಬದಲಾವಣೆ ಹೇಳುವ ಅದೇ ಶಾಂತ ಧ್ವನಿಯಲ್ಲಿ, ಅಚ್ಚ ಕನ್ನಡದಲ್ಲಿ. "ಕನ್ನಡ ಎಲ್ಲಾದ್ರೂ ಕಲ್ತಿರಿ, ಅಳಿಯನ್ನ ಓಡಿಸೋಕೆ ಆ ಚೀಟಿ ಬರೆದೋರು ನೀವೇ. ಗಂಟೆ ಎಲ್ಲಿ?"

ತಾತ ಇನ್ನೂ ಜೋರಾಗಿ ನಕ್ಕರು. ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು, ಆದರೂ ನಕ್ಕರು. ನಿಲ್ಲಿಸಿದರೆ ಉತ್ತರ ಕೊಡಬೇಕಾಗುತ್ತಿತ್ತು.